ಅಪ್‌ಡೇಟ್: ಪುಣೆಯಲ್ಲಿ ಸೈಟ್ ಬಿಟ್ಟು ಜಮೀನಿನ ಕಾಗದಪತ್ರಗಳ ಕಡೆಗೆ

ಸೈಟ್ ಎಂಜಿನಿಯರ್ ಆಗಿದ್ದ ನಾನು ರಿಯಲ್ ಎಸ್ಟೇಟ್ ಅಭಿವೃದ್ಧಿಯಲ್ಲೇ ನೆಲೆಯೂರಲು ಮಾರಾಟ ವಿಭಾಗ ಸೇರಬೇಕೇ, ಎಂಬಿಎ ಮಾಡಬೇಕೇ ಎಂದು ಕಳೆದ ವರ್ಷ ಇಲ್ಲಿ ತಮ್ಮೆಲ್ಲರನ್ನು ಕೇಳಿದ್ದೆ. ಮೊದಲು ಜಮೀನಿನ ದಾಖಲೆ ಓದಲು ಕಲಿಯಿರಿ ಎಂದು ವಿಜಯಪುರ ಮೂಲದ ಹಿರಿಯರೊಬ್ಬರು ಸೂಚಿಸಿದ್ದರು. ಅದರಂತೆ, ಸಂಬಳ ತುಸು ಕಡಿಮೆಯಾದರೂ, ಪುಣೆಯ ಕೋಥ್ರೂಡ್‌ನ ಸಂಸ್ಥೆಯೊಂದರ ಜಮೀನು ಖರೀದಿ ವಿಭಾಗಕ್ಕೆ ಸೇರಿದ್ದೇನೆ.

ನಮ್ಮ ಪಹಣಿಯಂಥದೇ ಆದ ಸಾತ್‌ಬಾರಾ ಉತಾರದಲ್ಲಿ ಮಾಲೀಕರ ಹೆಸರಿಗಿಂತ ಬೇರೆಯವರ ಹಕ್ಕು, ಸಾಲ ಇತ್ಯಾದಿ ನಮೂದಾಗುವ ‘ಇತರ ಹಕ್ಕುಗಳ’ ಕಾಲಂ ಮುಖ್ಯವೆಂಬುದು ನನಗೆ ಈಗ ಮನವರಿಕೆಯಾಗಿದೆ. ವಾಕಡ್ ಬಳಿಯ ಜಮೀನೊಂದರ ಹಳೆಯ ಫೇರ್‌ಫಾರ್ (ಹಕ್ಕು ಬದಲಾವಣೆ) ನಮೂದಿನಲ್ಲಿ, ಮದುವೆಯಾಗಿ ಹೋದ ಮಗಳ ಹೆಸರು ವಾರಸುದಾರರ ಸಾಲಿನಿಂದ ಬಿಟ್ಟುಹೋಗಿದ್ದ ಒಂದೇ ಕಾರಣಕ್ಕೆ, ದರವೆಲ್ಲ ಕುದುರಿದ್ದ ವ್ಯವಹಾರ ನಿಂತುಹೋಯಿತು.

2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಪ್ರಕಾರ, ಖರೀದಿದಾರರಿಂದ ಬಂದ ಹಣದ ಶೇ. 70ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ಎಂಜಿನಿಯರ್, ಆರ್ಕಿಟೆಕ್ಟ್ ಮತ್ತು ಸಿಎ ಪ್ರಮಾಣೀಕರಿಸಿದ ನಂತರ, ಕೆಲಸ ಮುಗಿದ ಪ್ರಮಾಣಕ್ಕೆ ತಕ್ಕಂತೆ ಮಾತ್ರ ತೆಗೆಯಬಹುದು. ಒಂದು ಯೋಜನೆಯ ಹಣದಿಂದ ಇನ್ನೊಂದಕ್ಕೆ ಜಮೀನು ಕೊಳ್ಳುವ ಹಳೆಯ ಚಾಳಿ ಇದರಿಂದ ಕಷ್ಟವಾಗಿರುವುದರಿಂದ, ದಾಖಲೆ ಮತ್ತು ನಗದು ಹರಿವು ಎರಡನ್ನೂ ಬಲ್ಲವರಿಗೆ ಬೇಡಿಕೆಯಿದೆ ಎಂಬುದು ನನ್ನ ಅಂದಾಜು. (ಮರಾಠಿ ಬಾರದೆ, ನಮ್ಮ ಗ್ರಾಮ ಲೆಕ್ಕಿಗರಂಥ ತಲಾಠಿಯ ಕಚೇರಿಯಲ್ಲಿ ಕೆಲಸ ಸಾಗದು.)

ಎಂಬಿಎ ಸದ್ಯಕ್ಕಿಲ್ಲ. ಹಳೆಯ ಹೌಸಿಂಗ್ ಸೊಸೈಟಿಗಳ ಮರುಅಭಿವೃದ್ಧಿಗೆ ಸಂಬಂಧಿಸಿದ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆಯ 79ಎ ಕಲಂನ ನಿರ್ದೇಶನಗಳನ್ನೂ, ಎಫ್‌ಎಸ್‌ಐ (ನಿವೇಶನದ ಅಳತೆಗೆ ಎಷ್ಟು ಕಟ್ಟಬಹುದೆಂಬ ಅನುಪಾತ) ಲೆಕ್ಕಾಚಾರವನ್ನೂ ಸಂಜೆಯ ವೇಳೆ ಅಭ್ಯಾಸ ಮಾಡುತ್ತಿದ್ದೇನೆ.