ಪದ್ಮಿನಿಯೋ ಅಂಬಾಸಿಡರೋ? ಎರಡನ್ನೂ ಓಡಿಸಿದವರು ಹೇಳಿ

ಹಾಸನದಲ್ಲಿ ಎರಡು ಹಳೇ ಗಾಡಿ ನೋಡಿದ್ದೀನಿ. ಒಂದು 1986ರ ಪ್ರೀಮಿಯರ್ ಪದ್ಮಿನಿ, ಇನ್ನೊಂದು ಅದೇ ಕಾಲದ ಪೆಟ್ರೋಲ್ ಅಂಬಾಸಿಡರ್. ರಜೆ ದಿನ ಮನೆಯವರನ್ನೆಲ್ಲ ಕೂರಿಸಿಕೊಂಡು ಸಕಲೇಶಪುರದ ಕಡೆ ಹೋಗೋ ಆಸೆ. ಇಂಜಿನ್, ಪಿಕಪ್ ಯಾವುದರದ್ದು ವಾಸಿ?

ಸಾಗರದಿಂದ:
ನಮ್ಮ ಮನೇಲಿ ಎರಡೂ ಇದ್ದವು ಸರ್, ಪದ್ಮಿನಿ ಈಗಲೂ ಇದೆ. ಕಾಗದದ ಮೇಲೆ ಅಂಬಾಸಿಡರ್ರೇ ಮುಂದು. ಅದರದ್ದು 1489 ಸಿ.ಸಿ., ಇಂಜಿನ್ ಶಕ್ತಿ 50 ಬಿ.ಎಚ್.ಪಿ. ಆಸುಪಾಸು. ಪದ್ಮಿನಿದು 1089 ಸಿ.ಸಿ., 40ರ ಮೇಲೆ ಚಿಲ್ಲರೆ. ಆದರೆ ತೂಕವನ್ನೂ ನೋಡಿ: ಪದ್ಮಿನಿ 900 ಕೆ.ಜಿ. ಹತ್ತಿರ, ಅಂಬಾಸಿಡರ್ 1100 ದಾಟುತ್ತೆ. ಒಂದೊಂದು ಬಿ.ಎಚ್.ಪಿ.ಗೆ ಬೀಳೋ ಭಾರ ಹೆಚ್ಚುಕಡಿಮೆ ಒಂದೇ ಆಯ್ತು. ಅದಕ್ಕೇ ಒಬ್ಬರೋ ಇಬ್ಬರೋ ಹೋಗುವಾಗ ಪದ್ಮಿನಿ ಏನೂ ಹಿಂದೆ ಬೀಳಲ್ಲ, ಚುರುಕಾಗೇ ಇರುತ್ತೆ.

ಐದು ಜನ ಕೂತು, ಡಿಕ್ಕಿ ತುಂಬ ಸಾಮಾನು ಹಾಕಿ ಏರು ಹತ್ತಿಸಿದಾಗ ವ್ಯತ್ಯಾಸ ಗೊತ್ತಾಗುತ್ತೆ. ಅಂಬಾಸಿಡರ್ ಮೂರನೇ ಗೇರಲ್ಲಿ ಎಳೆಯೋ ಕಡೆ ಪದ್ಮಿನಿಯನ್ನ ಎರಡಕ್ಕೆ ಇಳಿಸಬೇಕು. ಬೇಸಿಗೇಲಿ ಇನ್ನೊಂದು ಕಾಟ ಇದೆ. ಇಂಜಿನ್ನಿಗೆ ಅಂಟಿಕೊಂಡೇ ಇರೋ ಪೆಟ್ರೋಲ್ ಪಂಪ್ ಕಾದು, ಒಳಗಿನ ಪೆಟ್ರೋಲ್ ಆವಿಯಾಗಿ, ಕಾರ್ಬ್ಯುರೇಟರಿಗೆ ಏರೋದೇ ನಿಂತುಹೋಗುತ್ತೆ. ಬಾನೆಟ್ ಎತ್ತಿ, ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಬಿಟ್ಟರೆ ಸ್ಟಾರ್ಟ್ ಆಗುತ್ತೆ. ಘಾಟಿಗೆ ಹೋಗುವಾಗ ನೀರಿನ ಬಾಟಲಿ, ಹಳೇ ಟವೆಲ್ ಡಿಕ್ಕೀಲಿ ಇರ್ಲೇಬೇಕು.

ಇಷ್ಟಾದ್ರೂ ಓಡಿಸೋ ಖುಷಿ ಅಂದ್ರೆ ನನಗೆ ಪದ್ಮಿನೀನೇ. ಪೇಟೆ ಬೀದೀಲಿ ತಿರುಗಿಸೋಕೆ ಸಲೀಸು, ಸ್ಟೇರಿಂಗ್ ಪಕ್ಕದ ಗೇರ್ ಕೈಗೆ ಕೂತ್ರೆ ಬಿಡೋ ಮನಸ್ಸೇ ಆಗಲ್ಲ.

ಶಿವಮೊಗ್ಗದಿಂದ, ಗ್ಯಾರೇಜ್ ಕೆಲಸದವನು:
ಬಿ.ಎಚ್.ಪಿ. ಆಮೇಲೆ ನೋಡಿ, ಅಣ್ಣ. ಎರಡಕ್ಕೂ ಬೇರೆ ಛಾಸಿ, ಅಂದ್ರೆ ಕೆಳಗೆ ಕಬ್ಬಿಣದ ಚೌಕಟ್ಟು, ಇಲ್ಲ, ಬಾಡಿನೇ ಎಲ್ಲ ಭಾರ ಹೊರೋದು. ಮ್ಯಾಟ್ ಎತ್ತಿ ಫ್ಲೋರ್ ನೋಡಿ. ಬಾಗಿಲ ಕೆಳಗಿನ ಪಟ್ಟಿಯನ್ನ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಟಣ್ ಅಂದ್ರೆ ತಗಡು ಗಟ್ಟಿ ಇದೆ. ಡಬ್ ಅಂದ್ರೆ ತುಕ್ಕು ಹಿಡಿದ ಕಡೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದಾರೆ ಅಂತ. ಇಂಜಿನ್ ಬೋರಿಂಗ್ ಮಾಡಿಸಬಹುದು, ಕೊಳೆತ ಬಾಡಿ ಕಟ್ಟಿಸೋದು ದುಡ್ಡು ತಿನ್ನುತ್ತೆ.

ಅಂಬಾಸಿಡರ್ ಸಮತಟ್ಟು ಜಾಗದಲ್ಲೂ ಒಂದು ಕಡೆ ವಾಲಿದ್ರೆ ಮುಂದಿನ ಟಾರ್ಷನ್ ಬಾರ್ (ಸ್ಪ್ರಿಂಗ್ ಬದಲಿಗೆ ತಿರುಚಿಕೊಂಡು ಭಾರ ಹೊರೋ ಕಂಬಿ) ನೋಡಿಸಿ. ಪದ್ಮಿನಿಗೆ ಮುಂದೆ ಕಾಯಿಲ್ ಸ್ಪ್ರಿಂಗ್. ಆ ಕಾಲದ ಎರಡರಲ್ಲೂ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕ್, ಇಳಿಜಾರಲ್ಲಿ ಒತ್ತಿಕೊಂಡೇ ಬಂದ್ರೆ ಕಾದು ಹಿಡಿಯಲ್ಲ. ಹತ್ತಿದ ಗೇರಲ್ಲೇ ಇಳಿಸಿ.

ಸಾಮಾನು ಅಂಬಾಸಿಡರಿಗೆ ಸುಲಭ. ಅದನ್ನ ಮಾಡ್ತಿದ್ದ ಉತ್ತರಪಾರಾ ಕಾರ್ಖಾನೆ 2014ರವರೆಗೂ ನಡೀತು, ಪದ್ಮಿನಿ ನಿಂತು ಅಷ್ಟೊತ್ತಿಗೆ ಹತ್ತು ವರ್ಷದ ಮೇಲಾಗಿತ್ತು. ಪದ್ಮಿನಿ ಸಾಮಾನಿಗೆ ಬೆಂಗಳೂರಿನ ಜೆ.ಸಿ. ರೋಡ್ ಸುತ್ತಬೇಕಾಗುತ್ತೆ. ಯಾವುದೇ ತಗೊಂಡ್ರೂ ಪೆಟ್ರೋಲ್ ಪೈಪ್, ಪಂಪಿನ ಡಯಾಫ್ರಮ್ ಹೊಸದು ಹಾಕಿಸಿ. ಈಗಿನ ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಹಳೇ ರಬ್ಬರ್ ತಡೆಯಲ್ಲ.

ಮಂಗಳೂರಿನಿಂದ:
ಮನೆಯವರೆಲ್ಲ ಅಂದಿದ್ದೀರಿ, ವಯಸ್ಸಾದವರಿದ್ರೆ ಅಂಬಾಸಿಡರೇ ತಗೊಳ್ಳಿ. ನಮ್ಮತ್ತೆಗೆ ಮಂಡಿನೋವು. ಅದರ ಹಿಂದಿನ ಸೀಟಿಗೆ ಬಗ್ಗದೆ ಹತ್ತಿ, ಕಾಲು ಚಾಚಿ ಕೂರ್ತಾರೆ. ಹದಿನೈದು ವರ್ಷ ದಾಟಿದ ಗಾಡಿ ಆದ್ದರಿಂದ ಆರ್.ಸಿ. ನವೀಕರಣ ಆಗಿದೆಯಾ, ಇಂಜಿನ್ ನಂಬರ್, ಛಾಸಿ ನಂಬರ್ ಅದರಲ್ಲಿದ್ದ ಹಾಗೇ ಇದೆಯಾ ನೋಡದೆ ಮುಂಗಡ ಕೊಡಬೇಡಿ.