ಒದ್ದದ್ದಲ್ಲ ಮಾರಾಯ, ಮಂಡಿ ತಗುಲಿದ್ದು

ಮಂಜು (ಫಾರ್ವರ್ಡ್): ಕಣ್ಣೀರು ತರಿಸುವ ಕಥೆ!! 1931ರಲ್ಲಿ ಸ್ಕಾಟ್ಲೆಂಡ್‌ನ ಗ್ಲಾಸ್ಗೋದಲ್ಲಿ 22 ವರ್ಷದ ಫುಟ್‌ಬಾಲ್ ಗೋಲ್‌ಕೀಪರ್ ಜಾನ್ ಥಾಮ್ಸನ್‌ನನ್ನು ಎದುರಾಳಿ ಬೇಕಂತಲೇ ತಲೆಗೆ ಒದ್ದು ಕೊಂದ. ಕೊಲೆಗಾರನಿಗೆ ಶಿಕ್ಷೆಯೇ ಆಗಲಿಲ್ಲ. ಹತ್ತು ಜನರಿಗೆ ಕಳಿಸಿ.

ಶೋಭಾ: ಛೇ. ನನ್ನ ಮಗನ ವಯಸ್ಸು.

ರಾಘು: ಮಂಜು, ಕಳಿಸುವ ಮೊದಲು ಓದಿದೆಯಾ? ಸತ್ತಿದ್ದು ನಿಜ, ವಯಸ್ಸೂ ನಿಜ. ಕೊಲೆ ಅನ್ನೋದು ಸುಳ್ಳು. ಸೆಪ್ಟೆಂಬರ್ 5, ಐಬ್ರಾಕ್ಸ್ ಮೈದಾನ, ರೇಂಜರ್ಸ್ ಮತ್ತು ಸೆಲ್ಟಿಕ್ ಪಂದ್ಯ. ದ್ವಿತೀಯಾರ್ಧ ಶುರುವಾಗಿ ಸ್ವಲ್ಪವೇ ಹೊತ್ತಾಗಿತ್ತು. ರೇಂಜರ್ಸ್‌ನ ಸ್ಯಾಮ್ ಇಂಗ್ಲಿಷ್ ಚೆಂಡಿನ ಜೊತೆ ನುಗ್ಗಿದ, ಥಾಮ್ಸನ್ ಅವನ ಕಾಲಬುಡಕ್ಕೆ ಹಾರಿದ. ಮಂಡಿ ತಲೆಗೆ ತಗುಲಿತು. ಬುರುಡೆ ಒಡೆದು ಅವತ್ತೇ ರಾತ್ರಿ ಆಸ್ಪತ್ರೆಯಲ್ಲಿ ತೀರಿಹೋದ. ವಿಚಾರಣೆ ನಡೆದು ಆಕಸ್ಮಿಕ ಅಂತಲೇ ತೀರ್ಮಾನವಾಯಿತು.

ಮಂಜು: ಗೂಗಲ್ ನನ್ನ ಹತ್ತಿರವೂ ಇದೆ. ವಿಚಾರಣೆಯಲ್ಲಿ ಸೆಲ್ಟಿಕ್ ಮ್ಯಾನೇಜರ್ ವಿಲ್ಲಿ ಮೇಲಿ, ಆಕಸ್ಮಿಕವಾಗಿರಲಿ ಅಂತ ಆಶಿಸುತ್ತೇನೆ ಅಂದ. ಆಕಸ್ಮಿಕ ಅಂತ ಖಡಾಖಂಡಿತ ಹೇಳಲಿಲ್ಲ ಅಲ್ವಾ? ಸೆಲ್ಟಿಕ್ ಕ್ಯಾಥೊಲಿಕರ ತಂಡ, ರೇಂಜರ್ಸ್ ಪ್ರೊಟೆಸ್ಟೆಂಟರದು, ಆ ಜಗಳ ಬೇರೆ.

ರಾಘು: ಥಾಮ್ಸನ್‌ನೇ ಪ್ರೊಟೆಸ್ಟೆಂಟ್ ಕಣೋ! ಸೆಲ್ಟಿಕ್‌ಗೆ ಆಡುತ್ತಿದ್ದ ಅಷ್ಟೆ. ಗೋಲಿನ ಹಿಂದಿದ್ದ ರೇಂಜರ್ಸ್ ಅಭಿಮಾನಿಗಳು ಮೊದಲು ಕೂಗಾಡಿದ್ದು ಹೌದು. ಅವರ ಕ್ಯಾಪ್ಟನ್ ಮೀಕಲ್‌ಜಾನ್ ಹತ್ತಿರ ಹೋಗಿ ಕೈಯೆತ್ತಿ ಬಾಯಿ ಮುಚ್ಚಿಸಿದ. ಇದನ್ನ ಯಾಕೆ ಯಾರೂ ಫಾರ್ವರ್ಡ್ ಮಾಡಲ್ಲ?

ಅಶೋಕ: ನಾಲ್ಕು ವರ್ಷ ಕಾಲೇಜಿನ ಗೋಲ್‌ನಲ್ಲಿ ನಿಂತವನು ಹೇಳುತ್ತಿದ್ದೇನೆ. ಓಡಿ ಬರುವವನ ಕಾಲಿಗೆ ಹಾರುವುದು ಕೀಪರ್ ತಾನೇ ಮಾಡುವ ತೀರ್ಮಾನ. ಥಾಮ್ಸನ್‌ಗೆ ಅದೇ ಅಭ್ಯಾಸ. 1930ರಲ್ಲಿ ಏರ್‌ಡ್ರಿ ತಂಡದ ಮೇಲೆ ಹೀಗೇ ಹಾರಿ ದವಡೆ, ಪಕ್ಕೆಲುಬು ಮುರಿದುಕೊಂಡಿದ್ದ, ಎರಡು ಹಲ್ಲೂ ಹೋಗಿತ್ತು. ಆಟ ಬಿಡು ಅಂತ ಅಮ್ಮ ಗೋಗರೆದಳಂತೆ. ಕೇಳಲಿಲ್ಲ.

ಶೋಭಾ: ಅಂದ್ರೆ ಸತ್ತವನದೇ ತಪ್ಪಾ?

ಅಶೋಕ: ಯಾರದೂ ಅಲ್ಲ ಅಂತಿದ್ದೇನೆ ಶೋಭಾ. ನನ್ನ ಮೇಲ್ದುಟಿಯಲ್ಲಿ ಮೂರು ಹೊಲಿಗೆಯ ಗುರುತಿದೆ, ಮೀಸೆ ಬಿಟ್ಟಿದ್ದೇ ಅದಕ್ಕೆ. ಆ ಬೂಟಿನ ಮಾಲೀಕ ಇದೇ ಗುಂಪಿನಲ್ಲಿದ್ದಾನೆ. ಎರಡು ವರ್ಷದಿಂದ ಬರೀ ಹುಟ್ಟುಹಬ್ಬದ ಕೇಕ್ ಕಳಿಸುತ್ತಾನೆ.

ರಾಘು: 😂 ಥಾಮ್ಸನ್ ಕಾರ್ಡೆಂಡೆನ್‌ನ ಹುಡುಗ, ಫೈಫ್ ಕಡೆ. ಕಲ್ಲಿದ್ದಲ ಗಣಿಯಲ್ಲಿ ದುಡಿದವನು. ಸೆಲ್ಟಿಕ್‌ನವರು ನೋಡಲು ಬಂದಿದ್ದು ಎದುರು ತಂಡದ ಕೀಪರ್‌ನನ್ನಂತೆ, ಇವನನ್ನು ಕರೆದುಕೊಂಡು ಹೋದರು. ಬರೀ 10 ಪೌಂಡ್‌ಗೆ! 1927ರಲ್ಲಿ ಮೊದಲ ಪಂದ್ಯ, ಆಗ 18. ನಾಲ್ಕೂವರೆ ವರ್ಷದಲ್ಲಿ ಎರಡು ಸ್ಕಾಟಿಷ್ ಕಪ್, ದೇಶಕ್ಕೆ ನಾಲ್ಕು ಪಂದ್ಯ. ಅಷ್ಟೇ. ಆ ಊರಲ್ಲಿ ನಡೆದ ಅಂತ್ಯಕ್ರಿಯೆಗೆ ಸುಮಾರು 30,000 ಜನ. ಗ್ಲಾಸ್ಗೋದಿಂದ ಸುಮಾರು 90 ಕಿ.ಮೀ. ನಡೆದುಕೊಂಡೇ ಬಂದವರಿದ್ದರು.

ಮಂಜು: ನೋಡಿದೆಯಾ, ಅಷ್ಟು ಜನಕ್ಕೆ ನೋವಾಗಿತ್ತು.

ರಾಘು: ಆಗಿತ್ತು. ಆ ನೋವೆಲ್ಲ ಹೋಗಿ ಬಿದ್ದಿದ್ದು ಯಾರ ಮೇಲೆ? ಸ್ಯಾಮ್‌ಗೂ ಆಗ 23, ಶೋಭಾ. ಹೆಸರು ಇಂಗ್ಲಿಷ್, ಊರು ಉತ್ತರ ಐರ್ಲೆಂಡ್. ಅದೇ ಸೀಸನ್‌ನಲ್ಲಿ ಲೀಗ್‌ನಲ್ಲಿ 44 ಗೋಲ್ ಹೊಡೆದ, ರೇಂಜರ್ಸ್‌ನಲ್ಲಿ ಇವತ್ತಿಗೂ ಅದು ದಾಖಲೆ. ಏನು ಬಂತು? ಹೋದಲ್ಲೆಲ್ಲ ಕೊಲೆಗಾರ ಅಂತ ಕೂಗಿದರು. ಮರುವರ್ಷವೇ ಲಿವರ್‌ಪೂಲ್‌ಗೆ ಹೋದ, ಅಲ್ಲೂ ಬಿಡಲಿಲ್ಲ. 1938ರಲ್ಲಿ ಆಟ ನಿಲ್ಲಿಸಿ, ಆ ಪಂದ್ಯದ ನಂತರದ ಏಳು ವರ್ಷ ಖುಷಿಯೇ ಇಲ್ಲದೆ ಆಡಿದೆ ಅಂದ. ನೀನು ಕಳಿಸಿದ್ದು ಅದೇ ಕೂಗು ಮಂಜು. ಕನ್ನಡದಲ್ಲಿ ಬಂದಿದೆ ಅಷ್ಟೆ.

ಪ್ರಕಾಶ: ಆ ಬೂಟು ನನ್ನದೇ.

ಅಶೋಕ: ಅಬ್ಬಾ, ಬದುಕಿದ್ದಾನೆ!

ಪ್ರಕಾಶ: ಅವತ್ತು ಆಸ್ಪತ್ರೆಯ ಬೆಂಚಿನ ಮೇಲೆ ನಿಮ್ಮಪ್ಪ ನನಗೆ ಕಾಫಿ ಕೊಡಿಸಿದರು, ಗೊತ್ತಾ? ಒಂದು ಮಾತೂ ಬೈಯಲಿಲ್ಲ. ಲೋಟ ಹಿಡಿಯೋಕಾಗದ ಹಾಗೆ ಕೈ ನಡುಗುತ್ತಿತ್ತು. ಆಮೇಲೆ ಕೀಪರ್ ಮುಂದೆ ಬಂದರೆ ಸಾಕು, ಚೆಂಡು ಪಕ್ಕಕ್ಕೆ ತಳ್ಳಿಬಿಡುತ್ತಿದ್ದೆ. ನಮ್ಮ ಕೋಚ್ ಹೇಡಿ ಅಂದ.

ಅಶೋಕ: ಇದನ್ನ ಅಪ್ಪ ಹೇಳಲೇ ಇಲ್ಲ ಕಣೋ.

ಮಂಜು: ಸರಿ, ಡಿಲೀಟ್ ಮಾಡುತ್ತೇನೆ. ಆದ್ರೆ ಆಗಲೇ ಹತ್ತು ಜನಕ್ಕೆ ಹೋಗಿದೆ.

ರಾಘು: ಹತ್ತೂ ಜನಕ್ಕೆ ಬರಿ, ಒದ್ದದ್ದಲ್ಲ, ಮಂಡಿ ತಗುಲಿದ್ದು ಅಂತ.

ಮಂಜು: ಒಂಬತ್ತು ಜನಕ್ಕೆ ಬರೆಯುತ್ತೇನೆ. ಹತ್ತನೆಯವರು ನಮ್ಮತ್ತೆ, ಆಗಲೇ ಅಳುತ್ತಾ ಫೋನ್ ಮಾಡಿದ್ದರು. ಅವರಿಗೆ ನೀನೇ ಹೇಳು.