ವಾಕರ್ ಅಂದ್ರೆ ನಡೆಯುವವನಾ? ಒಂದು ಇಂಗ್ಲಿಷ್ ಅಡ್ಡಹೆಸರಿನ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಹುಬ್ಬಳ್ಳಿಯವಳು, ಈಗ ಲೀಡ್ಸ್‌ನಲ್ಲಿದ್ದೇನೆ. ನಮ್ಮ ಆಫೀಸಿನ ಹಿರಿಯರೊಬ್ಬರು ಮುಂದಿನ ತಿಂಗಳು ರಿಟೈರ್ ಆಗುತ್ತಿದ್ದಾರೆ. ಅಡ್ಡಹೆಸರು ವಾಕರ್. ಆನ್‌ಲೈನ್‌ನಲ್ಲಿ ‘ವಾಕರ್ ಮನೆತನದ ಲಾಂಛನ’ ಅಂತ ಚಂದದ ಫ್ರೇಮ್ ಸಿಗುತ್ತದೆ. ಎಲ್ಲರೂ ದುಡ್ಡು ಹಾಕಿ ತರೋಣ ಅಂತಿದ್ದೇವೆ. ಕೊಡಬಹುದಾ? ಇನ್ನೊಂದು, ವಾಕರ್ ಅಂದರೆ ಊರೂರು ನಡೆದು ತಿರುಗುತ್ತಿದ್ದವರಾ? ನಮ್ಮದು ಬಡಿಗೇರ. ಕೇಳಿದ ಕೂಡಲೇ ಕಸುಬು ಗೊತ್ತಾಗುತ್ತದೆ. ಇದು ಹಾಗಿಲ್ಲ ಅಲ್ವಾ?

ಉತ್ತರ (ಇಂಗ್ಲೆಂಡಿನ ಹಳೇ ದಾಖಲೆಗಳಲ್ಲಿ ಮನೆತನ ಹುಡುಕುವ ವೃತ್ತಿಯವರು): ಫ್ರೇಮಿನ ವಿಷಯ ಆಮೇಲೆ. ಮೊದಲು ಹೆಸರು. ನಿಮ್ಮದರ ಹಾಗೆ ಇದೂ ಕಸುಬಿನ ಹೆಸರೇ.

ಮಗ್ಗದಿಂದ ಇಳಿಸಿದ ಉಣ್ಣೆ ಬಟ್ಟೆಯಲ್ಲಿ ಕುರಿಯ ಜಿಡ್ಡು ಇರುತ್ತದೆ. ನೇಯ್ಗೆಯೂ ಸಡಿಲ. ಅದನ್ನು ತೊಟ್ಟಿಗೆ ಹಾಕಿ, ನೀರು, ಹಳೆಯ ಮೂತ್ರ, ಒಂದು ಬಗೆಯ ಜೇಡಿಮಣ್ಣು ಸೇರಿಸಿ ಗಂಟೆಗಟ್ಟಲೆ ತುಳಿಯುತ್ತಿದ್ದರು. ಹೌದು, ಮೂತ್ರವೇ! ಹಳತಾದಂತೆ ಅದರಲ್ಲಿ ಅಮೋನಿಯಾ ಹುಟ್ಟುತ್ತದೆ, ಜಿಡ್ಡು ಬಿಡುತ್ತದೆ. ಮಣ್ಣು ಮಾತ್ರ ನಿಮಗೆ ಗೊತ್ತಿರುವುದೇ. ನಾವು ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯ ಜಾತಿಯದು. ತುಳಿದಷ್ಟೂ ಬಟ್ಟೆ ಕುಗ್ಗಿ, ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ದಟ್ಟವಾಗುತ್ತದೆ. ಆಮೇಲೆ ಬಯಲಲ್ಲಿ ‘ಟೆಂಟರ್’ ಅನ್ನುವ ಮರದ ಚೌಕಟ್ಟಿನ ಕೊಕ್ಕೆಗಳಿಗೆ ಸಿಕ್ಕಿಸಿ, ಬಿಗಿಯಾಗಿ ಎಳೆದು ಒಣಗಿಸುವುದು.

ಈ ಕೆಲಸ ಮಾಡುವವನೇ ವಾಕರ್. ಹಳೇ ಇಂಗ್ಲಿಷಿನಲ್ಲಿ ‘ವೆಯಲ್ಕನ್’ ಅಂದರೆ ಹೊರಳಿಸು, ಉರುಳಿಸು. ಅದೇ ಮಾತು ಮುಂದೆ ‘ನಡೆ’ ಅನ್ನುವ ಅರ್ಥಕ್ಕೆ ಜಾರಿತು. ಕಸುಬಿನ ಹೆಸರು ಹಳೇ ಅರ್ಥದಲ್ಲೇ ಉಳಿಯಿತು. ಜರ್ಮನ್ ಭಾಷೆಯಲ್ಲೂ ಇದೇ ಕಸುಬಿನವನಿಗೆ ‘ವಾಲ್ಕರ್’ ಅನ್ನುತ್ತಾರೆ.

ನನಗೆ ಇಷ್ಟವಾಗುವ ಸಂಗತಿ ಇನ್ನೊಂದಿದೆ. ಕೆಲಸ ಒಂದೇ, ಹೆಸರು ಮೂರು. ಯಾರ್ಕ್‌ಶೈರ್, ಲ್ಯಾಂಕಶೈರ್ ಕಡೆ ವಾಕರ್. ಸಸೆಕ್ಸ್, ಕೆಂಟ್, ಸಫೋಕ್ ಕಡೆ ಫುಲ್ಲರ್. ಡೆವನ್ ಸುತ್ತಮುತ್ತ ಟಕ್ಕರ್. ಟಕ್ಕರ್ ಬಂದದ್ದು ‘ಹಿಂಸೆ ಕೊಡು’ ಅನ್ನುವ ಹಳೇ ಮಾತಿನಿಂದ. ಬಟ್ಟೆಯ ಕಷ್ಟ ನೋಡಿಯೇ ಇಟ್ಟಿರಬೇಕು! ಎಕ್ಸೆಟರ್ ಊರಿನಲ್ಲಿ ಈ ಕಸುಬಿನವರ ಸಂಘ 1471ರಲ್ಲಿ ಕಟ್ಟಿಸಿದ ಟಕ್ಕರ್ಸ್ ಹಾಲ್ ಇವತ್ತಿಗೂ ನಿಂತಿದೆ. ಅಡ್ಡಹೆಸರು ಕೇಳಿದರೆ ಹಿರಿಯರ ಸೀಮೆ ಯಾವುದಿರಬಹುದು ಅಂತ ಒಂದು ಅಂದಾಜು ಸಿಗುವುದು ಹೀಗೆ.

ಇನ್ನು ಫ್ರೇಮ್. ಬೇಡವೇ ಬೇಡ. ಇಂಗ್ಲೆಂಡಿನಲ್ಲಿ ಲಾಂಛನ ಕೊಡುವುದು ಒಬ್ಬ ವ್ಯಕ್ತಿಗೆ. ಅದು ಅವನಿಗೆ, ಅವನ ನೇರ ವಂಶಕ್ಕೆ ಸಲ್ಲುತ್ತದೆ. ಅಡ್ಡಹೆಸರು ಒಂದೇ ಅಂತ ಎಲ್ಲರಿಗೂ ಹಂಚಿಕೆಯಾಗುವುದಿಲ್ಲ. ಅದನ್ನು ನೋಡಿಕೊಳ್ಳಲು ಲಂಡನ್ನಿನಲ್ಲಿ 1484ರಿಂದ ಕಾಲೇಜ್ ಆಫ್ ಆರ್ಮ್ಸ್ ಇದೆ. ನೀವು ನೋಡಿದ ಫ್ರೇಮಿನಲ್ಲಿರುವುದು ಯಾರೋ ಒಬ್ಬ ವಾಕರನ ಲಾಂಛನ ಇರಬಹುದು, ಸುಮ್ನೆ ಬಿಡಿಸಿದ ಚಿತ್ರವೂ ಇರಬಹುದು.

ಪ್ರಶ್ನೆ: ಉಳಿಸಿದಿರಿ ಮೇಡಂ! ಹಾಗಾದರೆ ಇವರ ಹಿರಿಯರು ತಲೆಮಾರುಗಟ್ಟಲೆ ಬಟ್ಟೆ ತುಳಿದುಕೊಂಡೇ ಇದ್ದರಾ?

ಉತ್ತರ: ಇಲ್ಲ. ನಮ್ಮ ಕಡೆಯ ಲೆಕ್ಕ ಅಲ್ಲಿಗೆ ಹೊಂದುವುದಿಲ್ಲ. ಹೆಚ್ಚುಕಡಿಮೆ 1250ರಿಂದ 1400ರ ಒಳಗೆ ಅಲ್ಲಿ ಅಡ್ಡಹೆಸರುಗಳು ಗಟ್ಟಿಯಾದವು. ಅದಕ್ಕೂ ಮೊದಲು ವಾಕರನ ಮಗ ರೊಟ್ಟಿ ಸುಟ್ಟರೆ ಬೇಕರ್ ಆಗುತ್ತಿದ್ದ. ಗಟ್ಟಿಯಾದ ಮೇಲೆ ಏನು ಮಾಡಿದರೂ ವಾಕರ್. ಅಷ್ಟು ಹೊತ್ತಿಗೆ ತುಳಿಯುವ ಕೆಲಸವನ್ನು ಎಷ್ಟೋ ಕಡೆ ನೀರಿನ ಚಕ್ರದಿಂದ ಓಡುವ ಮರದ ಸುತ್ತಿಗೆಗಳು ಮಾಡುತ್ತಿದ್ದವು. 12ನೇ ಶತಮಾನದಲ್ಲೇ ಅಂಥ ಗಿರಣಿಗಳು ಇಂಗ್ಲೆಂಡಿಗೆ ಬಂದಿದ್ದವು. ಕಾಲಿನ ಕೆಲಸ ಹೋಯಿತು, ಹೆಸರು ಉಳಿಯಿತು. ಅಲ್ಲದೆ ಬಟ್ಟೆ ನೇಯುವ ಊರೂರಲ್ಲೂ ಒಬ್ಬೊಬ್ಬ ವಾಕರ್ ಇದ್ದ. ಹಾಗಾಗಿ ಎಲ್ಲ ವಾಕರ್‌ಗಳೂ ನೆಂಟರಲ್ಲ.

ಮತ್ತೊಬ್ಬ ಸದಸ್ಯರು: ನನ್ನ ಗೆಳೆಯನೂ ವಾಕರ್. ಆದರೆ ಜಮೈಕಾ ಮೂಲದವನು. ಅವನಿಗೂ ಯಾರ್ಕ್‌ಶೈರ್ ನಂಟು ಇರುತ್ತದಾ ಮೇಡಂ?

ಉತ್ತರ: ಹೆಸರು ನೋಡಿ ಹಾಗೆ ಹೇಳಬೇಡಿ ಸರ್. ಗುಲಾಮರಾಗಿದ್ದವರಲ್ಲಿ ಎಷ್ಟೋ ಜನರಿಗೆ ತೋಟದ ಮಾಲೀಕನದೋ ಇನ್ಯಾರದೋ ಅಡ್ಡಹೆಸರು ಅಂಟಿತು. ಅದು ರಕ್ತಸಂಬಂಧಕ್ಕೆ ಸಾಕ್ಷಿಯಲ್ಲ. 1817ರಿಂದ ಬರೆದಿಟ್ಟ ಜಮೈಕಾದ ಗುಲಾಮರ ಪಟ್ಟಿಗಳು ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಅಲ್ಲಿ ಹುಡುಕುವಾಗ ಅಡ್ಡಹೆಸರಿಗಿಂತ ಮಾಲೀಕನ ಹೆಸರೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಮೇಡಂ, ಹಿರಿಯರನ್ನೇ ಮೆಲ್ಲಗೆ ವಿಚಾರಿಸಿದೆ. ಅವರ ಅಜ್ಜ ಹಡರ್ಸ್‌ಫೀಲ್ಡ್ ಹತ್ತಿರದ ಹಳ್ಳಿಯವರಂತೆ. ಫ್ರೇಮ್ ಬಿಟ್ಟು ಬೇರೇನು ಕೊಡೋಣ?

ಉತ್ತರ: ಹಡರ್ಸ್‌ಫೀಲ್ಡ್ ಅಂದರೆ ಉಣ್ಣೆಯ ಸೀಮೆ! ಸ್ಕಾಟ್‌ಲ್ಯಾಂಡಿನ ನ್ಯಾಷನಲ್ ಲೈಬ್ರರಿಯ ಜಾಲತಾಣದಲ್ಲಿ ಇಂಗ್ಲೆಂಡಿನ ಹಳೇ ಸರ್ವೆ ನಕ್ಷೆಗಳನ್ನೂ ಪುಕ್ಕಟೆ ನೋಡಬಹುದು. 1850ರ ಆಸುಪಾಸಿನ ನಕ್ಷೆ ತೆಗೆಯಿರಿ, ಅಜ್ಜನ ಹಳ್ಳಿ ಹುಡುಕಿ. ಗಿರಣಿಗಳ ಪಕ್ಕದ ಬಯಲಲ್ಲಿ ಸಣ್ಣ ಅಕ್ಷರದಲ್ಲಿ ‘ಟೆಂಟರ್’ ಅಂತ ಬರೆದಿದೆಯಾ ನೋಡಿ. ಸಿಕ್ಕರೆ ಆ ಭಾಗ ಪೂರ್ತಿ ಬರುವ ಹಾಗೆ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೊಡಿ. ಮೂತ್ರದ ವಿಷಯ ಭಾಷಣದಲ್ಲಿ ಹೇಳುವುದೋ ಬಿಡುವುದೋ, ಅದು ನಿಮಗೆ ಬಿಟ್ಟದ್ದು.